ಬೆಲೆ ಹಾಕದ ಹಾಳೆಗೆ

ಪ್ರಿಯ ವಾನಂಬಾಡಿ,

1971ರಲ್ಲಿ ತಮಿಳಿನ ಕವಿತಾ ಪತ್ರಿಕೆಯಾಗಿ ನೀನು ಕೊಯಮತ್ತೂರಿನಿಂದ ಹೊರಟಾಗ ನಿನ್ನ ಮೇಲೆ ಬೆಲೆ ಅಚ್ಚಾಗಿರಲಿಲ್ಲ. ನೂಲಿಗೆ ಕೌಂಟಿನ ಲೆಕ್ಕ, ಹತ್ತಿಗೆ ಕ್ಯಾಂಡಿಯ ಲೆಕ್ಕ ಕಟ್ಟುವ ಊರಿನಲ್ಲಿ ಕವಿತೆಯನ್ನು ಸುಮ್ಮನೆ ಕೊಡುತ್ತೇವೆ ಎಂದರಲ್ಲ ಪುವಿಯರಸು, ಸಿರ್ಪಿ, ಜ್ಞಾನಿ ಮತ್ತವರ ಗೆಳೆಯರು, ಅದಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ. ನಮ್ಮದು ದೇವಾಂಗರ ಮನೆ. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತಮಿಳು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು, ಲಾಳಿ ನಿಲ್ಲಿಸಿ ನಿನ್ನನ್ನು ಓದುತ್ತಿದ್ದೆ. ಅಪ್ಪ ಬೈಯುತ್ತಿರಲಿಲ್ಲ. “ಜೋರಾಗಿ ಓದು, ನನಗೂ ಕೇಳಲಿ” ಎನ್ನುತ್ತಿದ್ದ.

ನೀನು ಹುಟ್ಟುವ ಹಿಂದಿನ ವರ್ಷ, 1970ರ ಜೂನ್ 19ರಂದು, ತಿರುಪ್ಪೂರಿನ ಹತ್ತಿರ ಪೆರುಮಾನಲ್ಲೂರಿನಲ್ಲಿ ಕರೆಂಟ್ ದರ ಏರಿಸಬೇಡಿ ಎಂದ ರೈತರ ಮೇಲೆ ಗುಂಡು ಹಾರಿತು. ಮೂವರು ಸತ್ತರು. 1972ರಲ್ಲಿ ರೈತ ನಾಯಕ ನಾರಾಯಣಸ್ವಾಮಿ ನಾಯ್ಡು ಅವರ ಹಿಂದೆ ಹಳ್ಳಿಹಳ್ಳಿಯ ಎತ್ತಿನ ಗಾಡಿಗಳು ಬಂದು ಕೊಯಮತ್ತೂರಿನ ಬೀದಿಗಳಲ್ಲಿ ಜಾಗವಿಲ್ಲದಂತೆ ನಿಂತವು. ಪ್ರಜಾಪ್ರಭುತ್ವದ ಪಾಠ ನನಗಾದದ್ದು ಆ ಗಾಡಿಗಳಿಂದ. ನಿನ್ನ ಕವಿತೆಗಳಲ್ಲಿ ಘೋಷಣೆ ಹೆಚ್ಚು ಎಂದು ವಿಮರ್ಶಕರು ಮೂಗು ಮುರಿದರು. ಕೆಲವು ಕವಿತೆಗಳ ಮಟ್ಟಿಗೆ ಒಪ್ಪುತ್ತೇನೆ. ಆದರೆ ಗುಂಡು ಹಾರಿದ ನಾಡಿನಲ್ಲಿ ಎಲ್ಲರೂ ಪಿಸುಗುಟ್ಟುತ್ತ ಕೂತಿರಬೇಕಿತ್ತೇ?

ಬಳಗದಲ್ಲಿ ಭಿನ್ನಾಭಿಪ್ರಾಯ ಬಂತು, ನೀನು ನಿಂತುಹೋದೆ. ಆದರೆ ನಿನ್ನವರು ಬರೆಯುವುದನ್ನು ನಿಲ್ಲಿಸಲಿಲ್ಲ. ಹಳ್ಳಿಯ ಹೊಳೆಯ ಬಗ್ಗೆ ಬರೆದ ಸಿರ್ಪಿಯವರಿಗೆ 2003ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜ್ಞಾನಿಯವರಿಗೆ ಕಣ್ಣೇ ಹೋಯಿತು. ಇನ್ನೊಬ್ಬರು ಓದಿದ್ದನ್ನು ಕೇಳಿ, ಹೇಳಿ ಬರೆಸಿ, 2020ರಲ್ಲಿ ತೀರಿಕೊಳ್ಳುವವರೆಗೂ ಸಾಹಿತ್ಯದ ಕೆಲಸ ಬಿಡಲಿಲ್ಲ. ಮುಪ್ಪಿನಲ್ಲಿ ಬರೆಯುವುದು ಹೇಗೆಂದು ನಾನು ಕಲಿತದ್ದು ಅವರಿಂದ.

ನೀನು ಬೆಲೆಯಿಲ್ಲದೆ ಬಂದ ನಾಡಿನಲ್ಲಿ ಈಗ ಚುನಾವಣೆ ಬಂದರೆ ಟೀ ಅಂಗಡಿಯಲ್ಲಿ ಓಟಿಗೆಷ್ಟು ಎಂಬ ಮಾತು ಎಗ್ಗಿಲ್ಲದೆ ನಡೆಯುತ್ತದೆ. ದುಡ್ಡು ಈಸಿಕೊಳ್ಳುವ ಬಡವರನ್ನು ನಾನು ಬೈಯಲಾರೆ. ಐದು ವರ್ಷ ಯಾರೂ ಹಣಕದ ಓಣಿ ಅವರದು. ಕೊಡುವವರ ಮೇಲೆ ಮಾತ್ರ ನನ್ನ ಸಿಟ್ಟು ಇಳಿದಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಹೊಲಿಯುವ ಬಿಹಾರ, ಒಡಿಶಾದ ಎಷ್ಟೋ ಹುಡುಗರಿಗೆ ಓಟು ಇರುವುದು ಅವರ ಊರಿನಲ್ಲಿ. ರಜೆ, ರೈಲು ಎರಡೂ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಅವರನ್ನು ಯಾರು ಕೇಳುತ್ತಾರೆ?

ಅವರ ಬಗ್ಗೆ ಬರೆಯಲು ಕೂತಿದ್ದೇನೆ. ಭಾನುವಾರ ಸಂಜೆ ಇಬ್ಬರು ಹುಡುಗರು ಬರುತ್ತಾರೆ. ಚಿಕ್ಕವನು ಹಿಂದಿಯಲ್ಲಿ ಹೇಳುತ್ತಾನೆ, ದೊಡ್ಡವನು ಅದನ್ನು ಹರಕುಮುರುಕು ತಮಿಳಿಗೆ ತರುತ್ತಾನೆ, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಮೊನ್ನೆ ಚಿಕ್ಕವನು ನಡುವೆ ತಡೆದ: “ತಾತಾ, ನಾನು ಅಷ್ಟು ಅಳಲಿಲ್ಲ, ಹಾಗೆ ಬರೀಬೇಡಿ.” ಆ ಸಾಲು ಹೊಡೆದುಹಾಕಿದೆ.

ನಿನ್ನ ಹಳೆಯ ಓದುಗ