ಇಂಜಿನ್ನಿನ ಮೂಗು

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಬೇಕಾದರೆ ಕಡಿಮೆಯೆಂದರೂ ಹತ್ತು ಸಾವಿರ ಲೀಟರ್ ಗಾಳಿ ಬೇಕು. ಡೀಸೆಲ್‌ಗಾದರೆ ಬಂಕಿನಲ್ಲಿ ದುಡ್ಡು ಎಣಿಸುತ್ತೇವೆ, ಬೆಲೆ ಏರಿದಾಗ ಗೊಣಗುತ್ತೇವೆ. ಗಾಳಿ ಪುಕ್ಕಟೆ ಸಿಗುವುದರಿಂದ ಅದರ ಲೆಕ್ಕ ಯಾರಿಗೂ ಬೇಡ. ಮಿನೆಸೋಟಾದ ಚಳಿಗೆ ಬಂದು ಬೀಳುವ ತನಕ ನನಗೂ ಬೇಡವಾಗಿತ್ತು.

ಕೊಪ್ಪದ ಕಡೆಯವನಾದ ನನ್ನ ಮಟ್ಟಿಗೆ ಇಂಜಿನ್ನಿನ ಶತ್ರು ಎಂದರೆ ನೀರು. ಮಳೆಗಾಲದಲ್ಲಿ ನಮ್ಮ ಜೀಪು ಹಳ್ಳ ದಾಟುವ ಮೊದಲು ಭಾವ ಕೆಳಗಿಳಿದು, ಬಾನೆಟ್ ಎತ್ತಿ, ಫ್ಯಾನ್ ಬೆಲ್ಟ್ ಕಳಚುತ್ತಿದ್ದರು. ಇಲ್ಲದಿದ್ದರೆ ಫ್ಯಾನು ನೀರನ್ನು ಬಡಿದು ಇಂಜಿನ್ನಿಗೆಲ್ಲ ಎರಚುತ್ತದೆ. ಆ ಜೀಪಿನ ಏರ್ ಕ್ಲೀನರ್ ಎಂದರೆ ತಳದಲ್ಲಿ ಎಣ್ಣೆ ಹೊಯ್ದ ಡಬ್ಬಿ. ಒಳಗಿಳಿದ ಗಾಳಿ ಎಣ್ಣೆಯ ಮೇಲೆ ಥಟ್ಟನೆ ತಿರುಗಿ ಮೇಲೇಳುವಾಗ ಧೂಳು ಅಷ್ಟು ಬೇಗ ತಿರುಗಲಾರದೆ ಎಣ್ಣೆಗೆ ಬಿದ್ದು ಅಲ್ಲೇ ಉಳಿಯುತ್ತಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕೆಲಸ ನನ್ನದು.

ಹಳ್ಳದ ನಡುವೆ ಇಂಜಿನ್ ನಿಂತಿತೋ, ಭಾವನದು ಒಂದೇ ಕೂಗು: “ಸೆಲ್ಫ್ ಹೊಡೀಬೇಡ ಮಾರಾಯ!” ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಜಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರು ಸೇರಿದಾಗ ಪಿಸ್ಟನ್ ಮೇಲೆ ಬಂದರೆ ಬಾಗುವುದು ಕನೆಕ್ಟಿಂಗ್ ರಾಡು. ಡೀಸೆಲ್ ಇಂಜಿನ್ನಿನಲ್ಲಂತೂ ಪಿಸ್ಟನ್ನಿನ ನೆತ್ತಿಯ ಮೇಲೆ ಉಳಿಯುವ ಜಾಗವೇ ಅಷ್ಟಿಷ್ಟು. ಒಂದು ಲೀಟರಿನ ಸಿಲಿಂಡರಿಗೆ ಅರ್ಧ ಲೋಟ ನೀರು ಧಾರಾಳ.

ಆದರೆ ನೀರಿಗೆ ಮದ್ದು ಸುಲಭ: ಮೂಗನ್ನು ಎತ್ತರದಲ್ಲಿಡಬೇಕು. 1944ರಲ್ಲಿ ನಾರ್ಮಂಡಿಯ ದಂಡೆಗೆ ಇಳಿದ ಜೀಪುಗಳಿಗೆ ಗಾಳಿಯ ಕೊಳವೆಯನ್ನು ಮೇಲೆತ್ತಿ ಕಟ್ಟಿದ್ದರು. ಈಗಿನ ಜೀಪುಗಳ ಪಕ್ಕದಲ್ಲಿ ಚಾವಣಿಯವರೆಗೆ ಏರುವ ಸ್ನಾರ್ಕೆಲ್ ಕೂಡ ಅದೇ ಜಾತಿ. ಪೇಟೆಯಲ್ಲಿ ಬಹುಪಾಲು ಅದು ಶೋಕಿ, ಆ ಮಾತು ಬೇರೆ.

ಹಿಮಕ್ಕೆ ಈ ಮದ್ದು ನಾಟುವುದಿಲ್ಲ. ನೀರು ಕೆಳಗಿನಿಂದ ಏರಿ ಬರುತ್ತದೆ. ಹಿಮ ಗಾಳಿಯ ಜೊತೆಗೇ ತೇಲಿ ಬರುತ್ತದೆ, ಮೂಗು ಯಾವ ಎತ್ತರದಲ್ಲಿದ್ದರೂ ಸರಿ. ಒದ್ದೆ ಹಿಮವಾದರೂ ಭಾರಕ್ಕೆ ಎಲ್ಲೋ ಒಂದು ಕಡೆ ಉದುರೀತು. ಮೈನಸ್ 20 ಡಿಗ್ರಿಯ ಪುಡಿಹಿಮ ಇದೆಯಲ್ಲ, ಅದು ಧೂಳಾಗಿ ಒಳಹೊಕ್ಕು, ಒಳಗೆ ಕರಗಿ ನೀರಾಗಿ, ಗಾಡಿ ನಿಲ್ಲಿಸಿದ ರಾತ್ರಿ ಮಂಜುಗಡ್ಡೆಯಾಗುತ್ತದೆ. ಫಿಲ್ಟರಿನ ಕಾಗದದ ಮಡಿಕೆಗಳು ಮುಚ್ಚಿಹೋಗಿ ಇಂಜಿನ್ ಏದುಸಿರು ಬಿಡುತ್ತದೆ.

ನಮ್ಮ ಪಕ್ಕದ ಮನೆಯ ಹಿರಿಯರು ಪಿಕಪ್ಪಿನ ಮುಂದೆ ಕಬ್ಬಿಣದ ಅಲಗು ಕಟ್ಟಿಕೊಂಡು ಬೀದಿಯವರ ಅಂಗಳದ ಹಿಮ ತಳ್ಳುತ್ತಾರೆ. ಅಲಗು ಎಬ್ಬಿಸಿದ ಪುಡಿಯೆಲ್ಲ ನೇರ ಗ್ರಿಲ್‌ಗೆ ನುಗ್ಗುತ್ತದೆ. ಸೀಟಿನ ಹಿಂದೆ ಅವರು ಸದಾ ಒಂದು ಒಣ ಫಿಲ್ಟರ್ ಇಟ್ಟಿರುತ್ತಾರೆ. ಒದ್ದೆಯದು ಅಡುಗೆಮನೆಯ ಹೀಟರಿನ ಪಕ್ಕ ಒಣಗುತ್ತದೆ. ಹೆಂಡತಿಯ ಆಕ್ಷೇಪಣೆ ಇದ್ದೇ ಇದೆ. 1991ರ ಅಕ್ಟೋಬರ್ ಕೊನೆಯ ದಿನ ಶುರುವಾದ ಬಿರುಹಿಮ ಮಿನಿಯಾಪೊಲಿಸ್‌ನಲ್ಲಿ 28 ಇಂಚು ದಾಟಿತ್ತು. ಅದರ ಕತೆ ತೆಗೆದರೆ ಅವರ ಕಾಫಿ ಆರುತ್ತದೆ.

ಇಲ್ಲಿ ನನಗೆ ಹಿಡಿಸಿದ್ದು ಉಪಾಯಗಳ ಸರಳತೆ. ಗಾಳಿಯ ಬಾಯಿಯನ್ನು ಮುಂದಕ್ಕಲ್ಲ, ಮಡ್‌ಗಾರ್ಡಿನ ಒಳಮಗ್ಗುಲಿಗೆ ತಿರುಗಿಸುವುದು. ದಾರಿಯಲ್ಲಿ ಒಂದು ಕಡಿದಾದ ತಿರುವು ಇಟ್ಟು ಹಿಮ ಮುಗ್ಗರಿಸುವಂತೆ ಮಾಡುವುದು. ನಮ್ಮ ಎಣ್ಣೆ ಡಬ್ಬಿಯ ವಿದ್ಯೆಯೇ. ಪೆಟ್ಟಿಗೆಯ ತಳದಲ್ಲಿ ತೂತು, ತೂತಿಗೆ ನೀರನ್ನು ಹೊರಗಷ್ಟೇ ಬಿಡುವ ರಬ್ಬರ್ ವಾಲ್ವ್. ಕೆಲವು ಗಾಡಿಗಳಲ್ಲಿ ಮುಂದಿನ ದಾರಿ ಕಟ್ಟಿತೆಂದರೆ ಒಂದು ಬಾಗಿಲು ತೆರೆದು ಬಾನೆಟ್ಟಿನೊಳಗಿನ ಬಿಸಿಗಾಳಿ ಒಳಬರುತ್ತದೆ. ಬಿಸಿಗಾಳಿ ತೆಳು, ಶಕ್ತಿ ಒಂದಿಷ್ಟು ಇಳಿಯುತ್ತದೆ, ಇಳಿಯಲಿ. ಶಕ್ತಿ ಹೆಚ್ಚಲೆಂದು ಬಾನೆಟ್ ಮೇಲೆ ಬಾಯಿ ತೆರೆಸಿಕೊಂಡು ತಿರುಗುವವರನ್ನು ಕಂಡರೆ ಜನವರಿಯಲ್ಲಿ ನನಗೆ ನಗು ಬರುತ್ತದೆ.

ವಿಚಿತ್ರವೆಂದರೆ, ಏರ್ ಫಿಲ್ಟರಿನ ದೊಡ್ಡ ಕಂಪನಿಯೊಂದು ಹುಟ್ಟಿದ್ದು ಇದೇ ಮಿನೆಸೋಟಾದಲ್ಲಿ, ಅದೂ ಹಿಮದಿಂದಲ್ಲ. ಫ್ರಾಂಕ್ ಡೊನಾಲ್ಡ್‌ಸನ್ 1915ರಲ್ಲಿ ತಲೆಕೆಡಿಸಿಕೊಂಡದ್ದು ಹೊಲದ ಧೂಳಿಗೆ ಕೆಡುತ್ತಿದ್ದ ಟ್ರಾಕ್ಟರ್ ಇಂಜಿನ್ನಿನ ಬಗ್ಗೆ.

ಇಷ್ಟೆಲ್ಲ ಮಾಡಿ ಹಿಮವನ್ನೂ ನೀರನ್ನೂ ಹೊರಗಿಟ್ಟ ಪೆಟ್ಟಿಗೆ ಬೆಚ್ಚಗೆ, ಒಣಗಿಕೊಂಡು ಇರುತ್ತದಲ್ಲ, ಅಲ್ಲಿಗೆ ಇಲಿಗಳು ಸಂಸಾರ ಹೂಡಲು ಬರುತ್ತವೆ. ಫಿಲ್ಟರಿನ ಕಾಗದ ಕಡಿದು ಹಾಸಿಗೆ ಮಾಡಿಕೊಳ್ಳುತ್ತವೆ. ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದರೆ ಇಲಿ ನಿಲ್ಲುತ್ತದೆ, ಆದರೆ ಪುಡಿಹಿಮ ಅದೇ ಜಾಲರಿಗೆ ಮೆತ್ತಿ ಉಸಿರೇ ಕಟ್ಟುತ್ತದೆ. ಹಾಗಾಗಿ ನಮ್ಮ ಹಿರಿಯರು ಶರತ್ಕಾಲದಲ್ಲಿ ಜಾಲರಿ ಕಟ್ಟಿ, ಮೊದಲ ಹಿಮ ಬಿದ್ದೊಡನೆ ಬಿಚ್ಚುತ್ತಾರೆ. ಇಲಿಗಳಿಗೂ ಬೆಚ್ಚಗಿನ ಮನೆ ಬೇಕೆನ್ನಿಸುವುದು ಆಗಲೇ.