ನಿದಾನವೂ ನಿಧಾನವೂ

ಹೊಸ ಪಂಪ್‌ಸೆಟ್ ಕೊಂಡರೆ ಜೊತೆಗೊಂದು ಪುಸ್ತಿಕೆ ಬರುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದ ಸಮೇತ ಗೋಡೆಯ ಮೊಳೆಗೆ ಸಿಕ್ಕಿಸಿ ಮರೆತುಬಿಡುವುದು ಹೆಚ್ಚಿನ ಮನೆಗಳ ಪದ್ಧತಿ. ಶಿವಮೊಗ್ಗ ಸೀಮೆಯ ಒಂದು ಹಳ್ಳಿಯ ಗೌಡರ ಮನೆಯಲ್ಲೂ ಅದು ಹಾಗೆಯೇ ನೇತಾಡುತ್ತಿತ್ತು. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಮೋಟಾರು ಗುಂಯ್‌ಗುಟ್ಟಿದರೂ ಪೈಪಿನ ಬಾಯಲ್ಲಿ ಹನಿ ನೀರೂ ಕಾಣದಾದಾಗ ಅದಕ್ಕೆ ಮೊಳೆಯಿಂದ ಬಿಡುಗಡೆಯಾಯಿತು.

ತೋಟದಲ್ಲಿ ಎರಡು ವರ್ಷದ ಅಡಿಕೆ ಸಸಿಗಳು ಬಾಡಿ ನಿಂತಿದ್ದವು. ಗೌಡರು ಪುಸ್ತಿಕೆಯನ್ನು ಪಿ.ಯು.ಸಿ. ಓದುವ ಮಗನ ಕೈಗಿತ್ತರು. ಕೊನೆಯ ಪುಟದಲ್ಲಿ ದಪ್ಪಕ್ಷರದ ತಲೆಬರಹ: ‘ಟ್ರಬಲ್ ಶೂಟಿಂಗ್’.

“ಏನಂತೋ ಅದು?”

“ಟ್ರಬಲ್ ಅಂದ್ರೆ ತೊಂದರೆ ಅಪ್ಪ. ಶೂಟಿಂಗ್ ಅಂದ್ರೆ... ಗುಂಡು ಹೊಡೆಯೋದು.”

“ಸರಿಹೋಯ್ತು! ಪಂಪಿಗಿಂತ ಮೊದಲು ನಿನ್ನ ರಿಪೇರಿ ಮಾಡಬೇಕು.”

ಹುಡುಗನನ್ನು ನೋಡಿ ನಗುವಂತಿಲ್ಲ. ಕೆಟ್ಟದ್ದನ್ನು ಸರಿಪಡಿಸುವುದಕ್ಕೆ ಇಂಗ್ಲಿಷಿನಲ್ಲಿ ಪದಗಳ ಸಂತೆಯೇ ಇದೆ. ಎಲ್ಲಕ್ಕೂ ನಾಲಿಗೆಯ ತುದಿಯಲ್ಲಿರುವ ಅರ್ಥ ‘ರಿಪೇರಿ’ ಒಂದೇ. ಆದರೆ ಒಂದೊಂದರ ಹುಟ್ಟೂ ಬೇರೆ. ‘ರಿಪೇರ್’ ಎಂದರೆ ಮತ್ತೆ ಅಣಿಗೊಳಿಸುವುದು. ‘ಫಿಕ್ಸ್’ ಎಂದರೆ ಅಲುಗದಂತೆ ನೆಲೆಗೊಳಿಸುವುದು. ‘ರೆಕ್ಟಿಫೈ’ ಎಂದರೆ ಸೊಟ್ಟದ್ದನ್ನು ನೆಟ್ಟಗೆ ಮಾಡುವುದು. ಹಿಂದೆ ಮುಂದೆ ಹರಿಯುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಸುವ ಸಾಧನಕ್ಕೆ ‘ರೆಕ್ಟಿಫಯರ್’ ಎಂಬ ಹೆಸರು ಬಂದದ್ದೂ ಹಾಗೆಯೇ. ‘ರೆಮಿಡಿ’ಗೂ ‘ಮೆಡಿಸಿನ್’ಗೂ ಬೇರು ಒಂದೇ, ಗುಣಪಡಿಸುವುದು. ‘ಸಾಲ್ವ್’ನ ಮೂಲಾರ್ಥ ಸಡಿಲಿಸುವುದು, ಕನ್ನಡಿಗರೂ ಗಂಟನ್ನು ಬಿಡಿಸಿದಂತೆಯೇ ಲೆಕ್ಕವನ್ನೂ ಬಿಡಿಸುತ್ತಾರಲ್ಲವೆ?

‘ಟ್ರಬಲ್ ಶೂಟಿಂಗ್’ ಈ ಬಳಗಕ್ಕೆ ತಡವಾಗಿ ಬಂದ ನೆಂಟ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ತಂತಿ ಮತ್ತು ದೂರವಾಣಿ ಕೆಲಸಗಾರರಲ್ಲಿ ಕೆಲವರನ್ನು ‘ಟ್ರಬಲ್ ಶೂಟರ್’ ಎಂದು ಕರೆಯುತ್ತಿದ್ದರು. ಸಂಪರ್ಕ ಕೆಟ್ಟಾಗ ಮೈಲಿಗಟ್ಟಲೆ ತಂತಿಯಲ್ಲಿ ತೊಂದರೆ ಎಲ್ಲಿದೆಯೆಂದು ಹುಡುಕಿ ಸರಿಪಡಿಸುವುದು ಅವರ ಕೆಲಸ. ತುಂಡಾದ ತಂತಿಯನ್ನು ಕೂಡಿಸುವುದು ಎಷ್ಟು ಹೊತ್ತಿನ ಮಾತು? ತುಂಡಾದ ಜಾಗವನ್ನು ಹುಡುಕುವುದೇ ಶ್ರಮ. ಈ ಹುಡುಕಾಟವೇ ಆ ಪದದ ಜೀವ.

ಪುಸ್ತಿಕೆಯ ಪುಟವೂ ಅದನ್ನೇ ಹೇಳುತ್ತಿತ್ತು. ಅಲ್ಲಿ ಮೂರು ಕಾಲಂಗಳು: ತೊಂದರೆ, ಕಾರಣ, ಪರಿಹಾರ. ಗೌಡರು ಎಲ್ಲರಂತೆ ಮೊದಲನೆಯದರಿಂದ ಮೂರನೆಯದಕ್ಕೆ ಹಾರಿದರು. ಹೊಸ ಫುಟ್‌ವಾಲ್ವ್ ತಂದರು, ನೀರು ಬರಲಿಲ್ಲ. ಸೀಲ್ ಬದಲಾಯಿಸಿದರು, ಬರಲಿಲ್ಲ. ಕೊನೆಗೆ 3 ಎಚ್.ಪಿ. ಪಂಪನ್ನು ಮಾರಿ 5 ಎಚ್.ಪಿ. ತರುವುದೆಂದು ತೀರ್ಮಾನವಾಯಿತು. ಸೊಸೈಟಿಯಲ್ಲಿ ಹಳೆಯ ಸಾಲ ತೀರಿರಲಿಲ್ಲ. ಮನೆಯಾಕೆ ಒಳಗಿನಿಂದ ಎರಡು ಬಳೆ ತಂದು ಮೇಜಿನ ಮೇಲಿಟ್ಟು, ಏನೂ ಮಾತಾಡದೆ ಅಡಿಗೆಮನೆಗೆ ಹೋದರು.

ಮಾರನೆಯ ದಿನ ಮಗ ಪೇಟೆಯಿಂದ ಒಬ್ಬ ಮುದುಕ ಮಿಸ್ತ್ರಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದ. ಮಿಸ್ತ್ರಿ ಸ್ಪ್ಯಾನರ್ ಮುಟ್ಟಲಿಲ್ಲ. ಪಂಪಿಗೆ ತುಂಬ ನೀರು ತುಂಬಿಸಿ ಕಾಫಿ ಕುಡಿಯುತ್ತ ಅರ್ಧ ಗಂಟೆ ಕುಳಿತ. ತುಂಬಿಸಿದ ನೀರು ಇಳಿಯಲಿಲ್ಲ, ಫುಟ್‌ವಾಲ್ವ್ ಸೋರುತ್ತಿಲ್ಲವೆಂದಾಯಿತು. ಮೋಟಾರು ಯಾವ ಕಡೆ ತಿರುಗುತ್ತದೆಂದು ನೋಡಿದ, ಅದೂ ಸರಿ. ಗೌಡರಿಗೆ ಒಳಗೊಳಗೇ ಕುದಿ. “ಏನು ಮಾರಾಯ, ಬಿಚ್ಚಿ ನೋಡೋದು ಯಾವಾಗ?”

ಮಿಸ್ತ್ರಿ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಬಿಟ್ಟ. ಅಳೆದರೆ ನೀರು 28 ಅಡಿ ಆಳದಲ್ಲಿತ್ತು.

“ಪಂಪಿಗೇನೂ ಆಗಿಲ್ಲ ಗೌಡ್ರೇ. ನೀರು ಕೆಳಗೆ ಹೋಗಿದೆ. ಐದಲ್ಲ, ಹತ್ತು ಎಚ್.ಪಿ. ತಂದ್ರೂ ದಡದ ಮೇಲಿಂದ ಎಳೆಯಲ್ಲ. ಪಂಪನ್ನೇ ಕೆಳಗಿಳಿಸಿ.”

ಈ ಮಾತಿಗೆ ದೊಡ್ಡ ವಂಶಾವಳಿಯಿದೆ. 1638ರಲ್ಲಿ ಪ್ರಕಟವಾದ ‘ಎರಡು ಹೊಸ ವಿಜ್ಞಾನಗಳು’ ಗ್ರಂಥದಲ್ಲಿ ಗೆಲಿಲಿಯೊ ಇಂಥದೇ ಪ್ರಸಂಗವೊಂದನ್ನು ಪಾತ್ರವೊಂದರ ಬಾಯಲ್ಲಿ ಹೇಳಿಸಿದ್ದಾನೆ. ಪಂಪು ನೀರೆತ್ತದಾದಾಗ ಯಂತ್ರ ಕೆಟ್ಟಿತೆಂದು ಕೆಲಸಗಾರನನ್ನು ಕರೆಸುತ್ತಾರೆ. ದೋಷ ಪಂಪಿನದಲ್ಲ, ನೀರು ತೀರ ಕೆಳಗಿಳಿದಿದೆ, 18 ಮೊಳಕ್ಕಿಂತ ಕೂದಲೆಳೆಯಷ್ಟೂ ಮೇಲಕ್ಕೆ ಯಾವ ಪಂಪೂ ಹೀಗೆ ಎಳೆಯಲಾರದು ಎನ್ನುತ್ತಾನೆ ಆತ. ಅಂದರೆ ಸುಮಾರು 10 ಮೀಟರು. ಏಕೆ ಎಂಬುದಕ್ಕೆ ಗೆಲಿಲಿಯೊ ಕೊಟ್ಟ ವಿವರಣೆ ಸರಿಯಿರಲಿಲ್ಲ. ಅವನ ಶಿಷ್ಯ ಟೊರಿಚೆಲ್ಲಿ 1644ರ ಪತ್ರವೊಂದರಲ್ಲಿ ಸರಿಯಾದ ಕಾರಣ ಕೊಟ್ಟ: ಪಂಪು ನೀರನ್ನು ಎಳೆಯುವುದೇ ಇಲ್ಲ, ಪೈಪಿನ ಗಾಳಿಯನ್ನು ತೆಗೆಯುತ್ತದೆ ಅಷ್ಟೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ದೂಡುತ್ತದೆ. ಆ ಒತ್ತಡ ಎತ್ತಿಹಿಡಿಯುವುದು 76 ಸೆಂಟಿಮೀಟರ್ ಪಾದರಸವನ್ನು. ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರ. ಗುಣಿಸಿದರೆ ನೀರಿನ ಲೆಕ್ಕ 10.3 ಮೀಟರು. ಘಟ್ಟದ ಮೇಲೆ ಗಾಳಿಯ ಒತ್ತಡ ಇನ್ನಷ್ಟು ಕಡಿಮೆ. ಪೈಪಿನ ತಿಕ್ಕಾಟ ಮೊದಲಾದ ನಷ್ಟಗಳನ್ನೂ ಕಳೆದರೆ ತೋಟದ ಪಂಪಿಗೆ ದಕ್ಕುವುದು 6-7 ಮೀಟರು, ಅಂದರೆ 20-23 ಅಡಿ. ಎಚ್.ಪಿ. ಹೆಚ್ಚಿಸಿದರೆ ಗಾಳಿಯ ಒತ್ತಡ ಹೆಚ್ಚುವುದಿಲ್ಲ.

ಹಾಗಾದರೆ ಟ್ರಬಲ್ ಶೂಟಿಂಗಿಗೆ ಕನ್ನಡವೇನು? ದುರಸ್ತಿ, ಸರಿಪಡಿಸು, ತಿದ್ದು, ತೇಪೆ ಹಾಕು, ಇವೆಲ್ಲ ಮೂರನೆಯ ಕಾಲಮ್ಮಿನ ಮಾತುಗಳು. ನಡುವಿನ ಕಾಲಮ್ಮಿಗೆ ಸಲ್ಲುವ ಪದ ವೈದ್ಯರ ಬಳಿ ಇದೆ: ‘ನಿದಾನ’, ರೋಗದ ಮೂಲ ಹುಡುಕುವುದು. ಚಿಕಿತ್ಸೆಯ ಗೊಡವೆಗೆ ಹೋಗದೆ ರೋಗವನ್ನು ಗುರುತಿಸುವುದಕ್ಕೇ ಮೀಸಲಾದ ‘ಮಾಧವ ನಿದಾನ’ ಎಂಬ ಪ್ರಾಚೀನ ಗ್ರಂಥವೇ ಆಯುರ್ವೇದದಲ್ಲಿದೆ. ‘ದ’ಕಾರವನ್ನು ಸ್ವಲ್ಪ ಒತ್ತಿ ನುಡಿದರೆ ಅದು ‘ನಿಧಾನ’ವಾಗುತ್ತದೆ. ಅರ್ಥ ಬೇರೆಯಾದರೂ ಒಂದಿಲ್ಲದೆ ಇನ್ನೊಂದು ನಡೆಯದು. ಮಿಸ್ತ್ರಿಯ ಅರ್ಧ ಗಂಟೆಯ ಕಾಫಿಯಲ್ಲಿ ಎರಡೂ ಇದ್ದವು.

ಬಾವಿಯೊಳಗೆ ಹತ್ತಡಿ ಕೆಳಗೆ ಚಪ್ಪಡಿ ಕೂರಿಸಿ ಪಂಪನ್ನು ಇಳಿಸಿದರು. ಸಂಜೆಯ ಹೊತ್ತಿಗೆ ನೀರು ಸಸಿಗಳ ಬುಡ ಮುಟ್ಟಿತು. ಬಳೆಗಳು ಪೆಟ್ಟಿಗೆ ಸೇರಿದವು. “ಮಳೆ ಹಿಡಿಯೋ ಮೊದಲು ಮರೀದೆ ಮೇಲೆತ್ತಿ, ಮುಳುಗೀತು,” ಎಂದು ಹೇಳಿ ಮಿಸ್ತ್ರಿ ಮತ್ತೆ ಸೈಕಲ್ ಏರಿದ.

ಒಂದು ಪ್ರಶ್ನೆ ಮಾತ್ರ ಉಳಿಯಿತು. ಹಿಂದಿನ ಬೇಸಿಗೆಗಳಲ್ಲಿ 20 ಅಡಿಗೇ ಸಿಗುತ್ತಿದ್ದ ನೀರು 28ಕ್ಕೆ ಇಳಿದದ್ದೇಕೆ? ಪುಸ್ತಿಕೆಯ ಮೂರು ಕಾಲಂಗಳಲ್ಲೂ ಅದಕ್ಕೆ ಜಾಗವಿರಲಿಲ್ಲ. ಹುಡುಗ ಮಿಸ್ತ್ರಿ ಬಿಟ್ಟುಹೋದ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿದ. ಪ್ರತಿ ಭಾನುವಾರ ಅಳೆದು ಕ್ಯಾಲೆಂಡರಿನ ಚೌಕದಲ್ಲಿ ಬರೆಯತೊಡಗಿದ. ಮೊದಲೆರಡು ವಾರ ಗೌಡರು, “ಓದೋದು ಬಿಟ್ಟು ಬಾವಿ ಕಾಯ್ತಾನೆ,” ಎಂದು ಗೊಣಗಿದರು. ಮೂರನೆಯ ಭಾನುವಾರ ಜಗಲಿಯಿಂದಲೇ ಕೂಗಿ ಕೇಳಿದರು:

“ಇವತ್ತು ಎಷ್ಟೋ?”