ಕೆರೆಯ ಬೆಳಕು, ಕಾಗದದ ಬಿಳುಪು

ಜಲವರ್ಣದಲ್ಲಿ ಗ್ರಾಮದೃಶ್ಯಗಳನ್ನು ಬರೆಯಬೇಕೆಂಬ ಹಂಬಲವುಳ್ಳವನಿಗೆ ತುಮಕೂರು ಸೀಮೆಗಿಂತ ಒಳ್ಳೆಯ ನೆಲೆ ದೊರೆಯಲಾರದೆಂದು ನಾನು ನಂಬಿದ್ದೇನೆ. ಗುಬ್ಬಿಯ ಕಡೆಗೆ ಹೊರಟರೆ ತೆಂಗು ಅಡಕೆಗಳ ತೋಟಗಳೂ ಶಿಂಷೆಯ ನೀರನ್ನು ತಡೆದು ನಿಲ್ಲಿಸಿಕೊಂಡಿರುವ ಕಡಬದ ಕೆರೆಯೂ, ಕುಣಿಗಲ್ಲಿನ ಕಡೆಗೆ ತಿರುಗಿದರೆ ಕೆಮ್ಮಣ್ಣಿನ ರಾಗಿಹೊಲಗಳೂ ಜನಪದದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ದೊಡ್ಡಕೆರೆಯೂ, ಎಲ್ಲಿಗೂ ಹೋಗದೆ ತುಮಕೂರಿನಲ್ಲಿಯೇ ಉಳಿದರೂ ಮೂಡಲ ದಿಗಂತದಲ್ಲಿ ದೇವರಾಯನದುರ್ಗದ ನೀಲಿಯೂ ಕಣ್ಣಿಗೆ ಒದಗುತ್ತವೆ.

ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಕಾರ್ತೀಕಮಾಸದ ಬೆಳಗಿನ ಕುಣಿಗಲ್ ಕೆರೆ. ಚೈತ್ರ ವೈಶಾಖಗಳಲ್ಲಿ ಕುಂಚವನ್ನು ತಿರುಗಿಸುವಷ್ಟರಲ್ಲಿ ಬಣ್ಣ ಒಣಗಿಬಿಡುತ್ತದೆ. ಕಾರ್ತೀಕದ ತಂಪಿನಲ್ಲಾದರೋ ಕಾಗದ ತನ್ನ ತೇವವನ್ನು ಸಾವಧಾನವಾಗಿ ಬಿಟ್ಟುಕೊಡುತ್ತದೆ. ಹಲಗೆಯನ್ನು ಕೊಂಚ ಓರೆಯಾಗಿಟ್ಟು, ಆಕಾಶಕ್ಕೆಂದು ಕಲಸಿದ ತೆಳುವರ್ಣವನ್ನು ಮೇಲಿನ ಅಂಚಿನಿಂದ ಅಡ್ಡಲಾಗಿ ಎಳೆದು, ಕೆಳತುದಿಯಲ್ಲಿ ಕೂಡಿ ನಿಂತ ಬಣ್ಣದ ನೀರನ್ನು ಮುಂದಿನ ಎಳೆತಕ್ಕೆ ಸೇರಿಸಿಕೊಳ್ಳುತ್ತ, ಒಮ್ಮೆ ದಾಟಿದೆಡೆಗೆ ಮತ್ತೆ ಕುಂಚವನ್ನೊಯ್ಯದೆ ಇಳಿದುಬಂದರೆ ಮಾತ್ರ ಆಕಾಶ ನಿರ್ಮಲವಾಗಿ ಉಳಿಯುತ್ತದೆ. ಅರೆ ಒಣಗಿದ್ದನ್ನು ತಿದ್ದಹೋದರೆ ನೀರು ಒಳನುಗ್ಗಿ ಅಂಚು ಹರಕಾದ ಕಲೆ ಮೂಡುತ್ತದೆ. ಬಂಡೆಗಳಿಗೆ ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಇವೆರಡೇ ಸಾಕು. ಬೆರೆತ ಬೂದುಬಣ್ಣದಲ್ಲಿ ನೀಲಿಯ ಕಣಗಳು ಒರಟು ಕಾಗದದ ಕುಳಿಗಳಲ್ಲಿ ತಂಗಿ, ಕಲ್ಲಿನ ತರಿಮೈಯನ್ನು ತಾವಾಗಿಯೇ ತೋರಿಸುತ್ತವೆ.

ಕೆರೆಯ ಹೊಳಪಿಗೆ ಮಾತ್ರ ಬಣ್ಣವನ್ನೇ ಹಾಕಲಾಗದು. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯಿಂದಾಗಿ ಈ ಸೀಮೆಯವರಿಗೆ ರಂಗದ ಪರದೆಗಳೆಂದರೆ ಬಲು ಅಭಿಮಾನ. ಪರದೆಯ ದಟ್ಟವರ್ಣ ಬಟ್ಟೆಯನ್ನು ಮರೆಸಿ ದೀಪದ ಬೆಳಕಿನಲ್ಲಿ ಮೆರೆಯತಕ್ಕದ್ದು. ಜಲವರ್ಣವಾದರೋ ಕಾಗದವನ್ನು ಮರೆಸುವುದಿಲ್ಲ. ಅದರ ಬಿಳುಪೇ ಇಲ್ಲಿ ಬೆಳಕು. ಒಮ್ಮೆ ಏರಿಯ ಮೇಲೆ ದನ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ಹಿಂದೆ ನಿಂತು, “ಯಾಕ್ ಸ್ವಾಮಿ, ನೀರ್ಗೇ ಬಣ್ಣ ಹಾಕಿಲ್ವಲ್ಲ?” ಎಂದು ಕೇಳಿದರು. “ಸ್ವಲ್ಪ ಇರಿ ಯಜಮಾನ್ರೆ” ಎಂದು, ಆಚೆದಡದ ಮರಗಳ ಕಪ್ಪುಹಸಿರನ್ನು ತುಂಬಿ, ಅವುಗಳ ನೆರಳನ್ನು ಕೆಳಕ್ಕೆಳೆದೆನು. ನಡುವೆ ಬಿಟ್ಟಿದ್ದ ಬರಿಯ ಕಾಗದ ಒಡನೆಯೇ ಥಳಥಳಿಸಿತು. “ಈಗ್ ತುಂಬ್ತು ನೋಡಿ ಕೆರೆ” ಎಂದವರು ಅವರೇ.

ಮೈಸೂರು ನಾಡಿನ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಕಲಿತು, ಊಟಿ ಕೊಡೈಕನಾಲುಗಳ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ಅವರ ಹೆಸರಿನ ಬೆಂಗಳೂರಿನ ಚಿತ್ರಶಾಲೆಯಲ್ಲಿರುವ ಆ ಚಿತ್ರಗಳ ಸಂಯಮವನ್ನು ಕಂಡಾಗಲೆಲ್ಲ, ನಮ್ಮ ಬಯಲುಸೀಮೆಯ ಕೆರೆಗಳಿಗೂ ಅಂತಹ ಕೈಯೊಂದು ಒದಗಬೇಕಾಗಿದೆಯೆಂದು ಮನಸ್ಸು ಮರುಗುತ್ತದೆ.

ಆದುದರಿಂದ ಬರೆಯುವ ಆಸೆಯುಳ್ಳವರು ಕಾರ್ತೀಕದಲ್ಲಿ ಕುಣಿಗಲ್ಲಿಗೆ ಹೋಗಿರಿ; ಬಿಸಿಲೇರುವ ಮುನ್ನ ಏರಿಯ ಮೇಲೆ ಕುಳಿತಿರಿ; ಬಿಳಿಯ ಬಣ್ಣದ ಟ್ಯೂಬನ್ನು ಮಾತ್ರ ಮನೆಯಲ್ಲಿಯೇ ಬಿಟ್ಟುಹೋಗಿರಿ.